ಓದುಗರ ಪ್ರಶ್ನೆ, ಸಲಹೆಗಾರರ ಉತ್ತರ: ಸಾಲ ತೀರಿಸುವ ದಾರಿ ಮತ್ತು ಮನೆಯ ನಿಜವಾದ ಲೆಕ್ಕ

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಒಂದು ವಾಹನ ಸಾಲ, ಒಂದು ವೈಯಕ್ತಿಕ ಸಾಲ ಮತ್ತು ಎರಡು ಕ್ರೆಡಿಟ್ ಕಾರ್ಡುಗಳ ಬಾಕಿ ಸೇರಿ, ನಮ್ಮಿಬ್ಬರ ಸಂಬಳವನ್ನು 100 ಪಾಲು ಎಂದುಕೊಂಡರೆ 41 ಪಾಲು ಕಂತಿಗೇ ಹೋಗುತ್ತಿದೆ. ಸಾಲ ಸಲಹೆಗಾರರೊಬ್ಬರನ್ನು ಕಂಡಾಗ ಅವರು ಮನೆಯ ತಿಂಗಳ ಆಯವ್ಯಯ ಬರೆದು ತರಲು ಹೇಳಿದರು. ಬಾಡಿಗೆ 25, ದಿನಸಿ 22, ಶಾಲೆ 8, ಓಡಾಟ 6, ವಿದ್ಯುತ್, ನೀರು ಮತ್ತು ಫೋನಿಗೆ 5 ಎಂದು ಬರೆದು, ಮಿಕ್ಕ 34 ಪಾಲನ್ನೂ ಸಾಲಕ್ಕೇ ಕಟ್ಟುತ್ತೇವೆ ಎಂದೆವು. ಅವರು ಅದನ್ನು ನೋಡಿ, ಇದು ನಡೆಯುವ ಲೆಕ್ಕವಲ್ಲ, ತಿದ್ದಿ ತನ್ನಿ ಎಂದು ಹಿಂದಿರುಗಿಸಿದರು. ಹೆಚ್ಚು ಕಟ್ಟುತ್ತೇವೆ ಎನ್ನುವವರನ್ನು ಬೇಡ ಎನ್ನುವುದು ಏಕೆ?

ಉತ್ತರ: ನಿಮ್ಮ ಸಲಹೆಗಾರರು ನಿಮಗೆ ಒಳ್ಳೆಯದನ್ನೇ ಮಾಡಿದ್ದಾರೆ. ನೀವು ಬರೆದ ಲೆಕ್ಕದಲ್ಲಿ ಸುಳ್ಳಿನ ಉದ್ದೇಶವಿಲ್ಲ ಎಂಬುದು ನನಗೆ ಗೊತ್ತು. ಸಾಲ ಮಾಡಿದ ತಪ್ಪಿಗೆ ನಿಮಗೆ ನೀವೇ ವಿಧಿಸಿಕೊಂಡ ಶಿಕ್ಷೆ ಅದರಲ್ಲಿದೆ. ಸಾಲದಲ್ಲಿ ಸಿಕ್ಕ ಕುಟುಂಬಗಳು ಮೊದಲ ಸಲ ಬರೆದು ತರುವ ಲೆಕ್ಕದಲ್ಲಿ ಬಟ್ಟೆಗೆ ಹಣವಿರುವುದಿಲ್ಲ, ಔಷಧಿಗೆ ಇರುವುದಿಲ್ಲ, ಕೆಟ್ಟುಹೋದ ನಲ್ಲಿಯ ರಿಪೇರಿಗೆ ಇರುವುದಿಲ್ಲ. ಅವೆಲ್ಲ ಖರ್ಚುಗಳೇ ಅಲ್ಲ ಎಂಬ ನಂಬಿಕೆಯಿಂದ ಯಾರೂ ಹಾಗೆ ಬರೆಯುವುದಿಲ್ಲ. ಸಾಲ ಕೊಟ್ಟವರ ಮುಂದೆ ಅವುಗಳನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅಷ್ಟೇ. ಆದರೆ ಕಾಗದದಲ್ಲಿ ಬರೆಯದ ಮಾತ್ರಕ್ಕೆ ಜ್ವರ ಬರುವುದು ನಿಲ್ಲುವುದಿಲ್ಲ, ಮಕ್ಕಳ ಪಾದ ಬೆಳೆಯುವುದೂ ನಿಲ್ಲುವುದಿಲ್ಲ. ಆ ಹಣ ಎಲ್ಲಿಂದಲೋ ಬರಲೇಬೇಕು, ಮತ್ತು ನಿಮ್ಮ ವಿಷಯದಲ್ಲಿ ಅದು ಇಲ್ಲಿಯವರೆಗೆ ಕಾರ್ಡಿನಿಂದ ಬರುತ್ತಿತ್ತು.

ಇದನ್ನು ನೀವೇ ಪರೀಕ್ಷಿಸಿ ನೋಡಲು ಸರಳವಾದ ಒಂದು ಲೆಕ್ಕವಿದೆ, ಮತ್ತು ಬಜೆಟ್ ಬರೆಯುವ ಯಾವ ನಮೂನೆಗಿಂತಲೂ ಇದರ ಮೇಲೆಯೇ ನನಗೆ ಹೆಚ್ಚು ಭರವಸೆ. ಒಂದು ತಿಂಗಳ ಆದಾಯಕ್ಕೆ ಆ ತಿಂಗಳಲ್ಲಿ ಹೊಸದಾಗಿ ಮಾಡಿದ ಸಾಲವನ್ನು ಕೂಡಿಸಿ, ಅಂದರೆ ಕಾರ್ಡಿನಲ್ಲಿ ಮಾಡಿದ ಹೊಸ ಖರ್ಚು, ಯಾರಿಂದಲೋ ಪಡೆದ ಕೈಸಾಲ, ಉಳಿತಾಯದಿಂದ ತೆಗೆದದ್ದು, ಎಲ್ಲವನ್ನೂ. ಬಂದ ಮೊತ್ತದಿಂದ ಆ ತಿಂಗಳು ಕಟ್ಟಿದ ಕಂತುಗಳನ್ನು ಕಳೆಯಿರಿ. ಉಳಿಯುವುದೇ ನಿಮ್ಮ ಕುಟುಂಬ ಬದುಕಲು ನಿಜವಾಗಿ ಬಳಸಿದ ಹಣ. ನಿಮ್ಮ ಆದಾಯ 100, ಕಂತು 41. ಕಾರ್ಡುಗಳ ತಿಂಗಳ ಪಟ್ಟಿಯಲ್ಲಿ ಹೊಸ ಖರ್ಚು 26 ಪಾಲಿನಷ್ಟಿದೆ ಎಂದುಕೊಂಡರೆ, 100ಕ್ಕೆ 26 ಕೂಡಿಸಿ 41 ಕಳೆದಾಗ 85 ಬರುತ್ತದೆ. ಕಾಗದದಲ್ಲಿ ನೀವು ಬರೆದದ್ದು 66. ನಡುವಿನ 19 ಪಾಲು ಎಲ್ಲಿಗೆ ಹೋಯಿತು ಎಂಬುದನ್ನು ಹುಡುಕುವುದೇ ನಿಮ್ಮ ಮುಂದಿರುವ ಕೆಲಸ. ಒಂದೇ ತಿಂಗಳನ್ನು ನೋಡಿದರೆ ಅದು ವಿಶೇಷ ತಿಂಗಳಾಗಿದ್ದೀತು. ಆದ್ದರಿಂದ ಕನಿಷ್ಠ 3 ತಿಂಗಳ ಬ್ಯಾಂಕ್ ವಿವರ ಮತ್ತು ಕಾರ್ಡ್ ಪಟ್ಟಿಗಳನ್ನು ಮುಂದಿಟ್ಟುಕೊಂಡು, ಇಬ್ಬರೂ ಜೊತೆಗೆ ಕುಳಿತು ಈ ಲೆಕ್ಕ ಮಾಡಿ.

ಹುಡುಕಿದಾಗ ಸಾಮಾನ್ಯವಾಗಿ ಸಿಗುವುದು ಎರಡು ಬಗೆಯ ಖರ್ಚುಗಳು. ಮೊದಲನೆಯದು ತಿಂಗಳಿಗೊಮ್ಮೆ ಬಾರದ ಖರ್ಚು: ಶಾಲಾ ವರ್ಷದ ಆರಂಭದ ಶುಲ್ಕ ಮತ್ತು ಪುಸ್ತಕ, ವಿಮೆಯ ವಾರ್ಷಿಕ ಕಂತು, ವಾಹನದ ಸರ್ವಿಸ್, ಮನೆಯ ರಿಪೇರಿ, ಕನ್ನಡಕ, ಹಲ್ಲಿನ ಚಿಕಿತ್ಸೆ, ಬಂಧುಗಳ ಸಮಾರಂಭಕ್ಕೆ ಹೋಗಿಬರುವ ವೆಚ್ಚ. ಇವು ಯಾವ ತಿಂಗಳಿಗೂ ಸೇರಿದವಲ್ಲ ಎಂದು ತೋರುವುದರಿಂದ ಎಲ್ಲ ತಿಂಗಳ ಲೆಕ್ಕದಿಂದಲೂ ತಪ್ಪಿಸಿಕೊಳ್ಳುತ್ತವೆ. ಇಡೀ ವರ್ಷಕ್ಕೆ ಇವು ಎಷ್ಟಾಗುತ್ತವೆ ಎಂದು ಕೂಡಿಸಿ, 12ರಿಂದ ಭಾಗಿಸಿ, ಬಂದ ಮೊತ್ತವನ್ನು ಪ್ರತಿ ತಿಂಗಳ ಖರ್ಚಾಗಿಯೇ ಬರೆಯಬೇಕು. ಬರೆದರೆ ಸಾಲದು, ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಅಥವಾ ಲಕೋಟೆಯಲ್ಲಿ ತೆಗೆದಿಡಬೇಕು. ಇಲ್ಲದಿದ್ದರೆ ಶುಲ್ಕ ಕಟ್ಟುವ ದಿನ ಮತ್ತೆ ಕಾರ್ಡೇ ಗತಿಯಾಗುತ್ತದೆ. ಎರಡನೆಯದು ಕೈಯಿಂದ ಜಾರುವ ಸಣ್ಣ ನಗದು: ಕ್ಷೌರ, ಮಕ್ಕಳ ಪೆನ್ನು ಮತ್ತು ಪುಸ್ತಕ, ಕೆಲಸದ ಸ್ಥಳದಲ್ಲಿ ಕುಡಿಯುವ ಚಹಾ, ದಾರಿಯಲ್ಲಿ ಕೊಂಡ ತಿಂಡಿ. ಇದು ಬ್ಯಾಂಕ್ ವಿವರದಲ್ಲಿ ಕಾಣುವುದಿಲ್ಲ, ನಗದು ತೆಗೆದದ್ದು ಮಾತ್ರ ಕಾಣುತ್ತದೆ. ಒಂದು ತಿಂಗಳ ಕಾಲ ಕೊಟ್ಟ ಪ್ರತಿ ಪೈಸೆಯನ್ನೂ ಕೊಟ್ಟ ಕ್ಷಣದಲ್ಲೇ ಸಣ್ಣ ಪುಸ್ತಕದಲ್ಲಿ ಗುರುತು ಹಾಕುವುದೇ ಇದಕ್ಕೆ ಉಪಾಯ. ರಾತ್ರಿ ನೆನಪಿಸಿಕೊಂಡು ಬರೆಯುತ್ತೇನೆ ಎಂದುಕೊಂಡವರು ಅರ್ಧವನ್ನು ಮರೆಯುತ್ತಾರೆ.

ವಾರದ ಲೆಕ್ಕವನ್ನು ತಿಂಗಳಿಗೆ ತಿರುಗಿಸುವಾಗಲೂ ಎಚ್ಚರ ಬೇಕು. ದಿನಸಿಯ ವಾರದ ಖರ್ಚನ್ನು 4ರಿಂದ ಗುಣಿಸುವುದು ಬಹಳ ಜನರ ಅಭ್ಯಾಸ. ಆದರೆ ವರ್ಷದಲ್ಲಿರುವುದು 52 ವಾರ, 48 ಅಲ್ಲ. 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 4.33 ವಾರಗಳಾಗುತ್ತವೆ. 4ರಿಂದ ಗುಣಿಸುವ ಕುಟುಂಬ ವರ್ಷದಲ್ಲಿ 4 ವಾರಗಳ ಊಟವನ್ನು ಲೆಕ್ಕದಿಂದ ಬಿಟ್ಟಂತಾಗುತ್ತದೆ. ವಾರದ ಕೂಲಿ ಪಡೆಯುವವರು ಆದಾಯವನ್ನೂ ಹೀಗೆಯೇ ತಿರುಗಿಸಬೇಕು.

ಈಗ ನಿಮ್ಮ ಆಯವ್ಯಯವನ್ನು ಮತ್ತೆ ಬರೆದು ನೋಡೋಣ. ಇಲ್ಲಿರುವುದು ನನ್ನ ಊಹೆಯ ಸಂಖ್ಯೆಗಳು. ನಿಮ್ಮ ದಾಖಲೆಗಳು ಹೇಳುವುದನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಿ. ದಿನಸಿ 22 ಅಲ್ಲ, 26. ಔಷಧಿ 3, ಬಟ್ಟೆ ಮತ್ತು ಚಪ್ಪಲಿ 2, ಮನೆ ಹಾಗೂ ವಾಹನದ ರಿಪೇರಿ 3, ಶಾಲೆಯ ವಾರ್ಷಿಕ ಖರ್ಚಿನ ತಿಂಗಳ ಪಾಲು 2, ವಿಮೆ 1, ಸಮಾರಂಭಗಳು 1, ಸಣ್ಣ ನಗದು 3. ಇಷ್ಟನ್ನು ಸೇರಿಸಿದರೆ ನಿಮ್ಮ 66 ಈಗ 85 ಆಗುತ್ತದೆ, ಮೇಲಿನ ಪರೀಕ್ಷೆಗೂ ತಾಳೆಯಾಗುತ್ತದೆ. ಇದಕ್ಕೆ ಅನಿರೀಕ್ಷಿತಕ್ಕೆಂದು 3 ಪಾಲಿನ ಉಳಿತಾಯವನ್ನು ಸೇರಿಸಿ ಎಂದು ನಾನು ಒತ್ತಾಯಿಸುತ್ತೇನೆ. ಸಾಲವಿರುವಾಗ ಉಳಿತಾಯವೇ ಎಂದು ನೀವು ಕೇಳಬಹುದು. ಸಾಲದಲ್ಲಿರುವವರಿಗೇ ಅದು ಹೆಚ್ಚು ಅಗತ್ಯ, ಏಕೆಂದರೆ ಅದಿಲ್ಲದಿದ್ದರೆ ಮುಂದಿನ ಸಣ್ಣ ಆಪತ್ತೂ ಹೊಸ ಸಾಲವಾಗಿ ಬರುತ್ತದೆ. ಒಟ್ಟು 88, ಮಿಕ್ಕದ್ದು 12.

ಇಲ್ಲಿಗೆ ಬಂದ ಮೇಲೆ, ಮೊದಲಲ್ಲ, ಮಿತವ್ಯಯದ ಮಾತು ಬರಬೇಕು. ಬಳಸದ ಚಂದಾಗಳು, ಅಗತ್ಯಕ್ಕಿಂತ ದೊಡ್ಡ ಫೋನ್ ಯೋಜನೆ, ಕೆಟ್ಟು ಎಸೆಯುವ ದಿನಸಿ, ಒಬ್ಬರೇ ವಾಹನದಲ್ಲಿ ಹೋಗುವ ಓಡಾಟ, ಇವುಗಳಲ್ಲಿ ನಿಜವಾಗಿಯೂ ಬಿಡಬಲ್ಲದ್ದನ್ನು ಗುರುತಿಸಿ. ಪ್ರತಿ ಕಡಿತಕ್ಕೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು 3 ವರ್ಷ ನಡೆಸಲು ಆಗುತ್ತದೆಯೇ? ಒಂದು ತಿಂಗಳು ನಡೆಸಬಹುದಾದ ಕಡಿತ ಸಾಲ ತೀರುವ ಕಾಲದವರೆಗೆ ನಿಲ್ಲುವುದಿಲ್ಲ. ಮಕ್ಕಳ ಆಟ, ಇಬ್ಬರೂ ತಿಂಗಳಿಗೊಮ್ಮೆ ಹೊರಗೆ ಹೋಗುವ ಸಣ್ಣ ಸಂತೋಷ, ಇವನ್ನು ಪೂರ್ತಿ ಅಳಿಸಿಹಾಕಬೇಡಿ. ಸಂತೋಷವೇ ಇಲ್ಲದ ಮನೆಯಲ್ಲಿ ಯಾವುದೋ ಒಂದು ದಿನ ಎಲ್ಲ ಸಂಯಮವೂ ಒಟ್ಟಿಗೆ ಮುರಿದು ಬೀಳುತ್ತದೆ.

ಇದರಿಂದ 3 ಪಾಲು ಉಳಿಯಿತು ಎಂದುಕೊಳ್ಳೋಣ. 12 ಈಗ 15 ಆಯಿತು. ಇದನ್ನು ಹಂಚುವಾಗ ಯಾರು ಹೆಚ್ಚು ಫೋನ್ ಮಾಡುತ್ತಾರೆ ಎಂಬುದು ಮಾನದಂಡವಾಗಬಾರದು. ಕಟ್ಟದಿದ್ದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದೇ ಮಾನದಂಡ. ಬಾಡಿಗೆ ತಪ್ಪಿದರೆ ಮನೆ, ವಿದ್ಯುತ್ ಬಿಲ್ ತಪ್ಪಿದರೆ ಬೆಳಕು, ಅಡಮಾನದ ಸಾಲ ತಪ್ಪಿದರೆ ಅಡವಿಟ್ಟ ಆಸ್ತಿ ಹೋಗುತ್ತದೆ. ನಿಮ್ಮ ವಾಹನ ಕೆಲಸಕ್ಕೆ ಹೋಗಲು ಬೇಕೇ ಬೇಕು ಎಂದಾದರೆ ಅದರ ಕಂತು, 7 ಪಾಲು ಎನ್ನಿ, ಮೊದಲು. ಉಳಿದ 8 ಪಾಲನ್ನು ವೈಯಕ್ತಿಕ ಸಾಲಕ್ಕೂ ಎರಡು ಕಾರ್ಡುಗಳಿಗೂ ಬಾಕಿಯ ಪ್ರಮಾಣದಲ್ಲಿ ಹಂಚಬೇಕು. ಈ ಮೂರರ ಒಟ್ಟು ಬಾಕಿಯಲ್ಲಿ ಅರ್ಧ ವೈಯಕ್ತಿಕ ಸಾಲದ್ದಾಗಿದ್ದು, ಕಾರ್ಡುಗಳದ್ದು ತಲಾ ಕಾಲುಭಾಗವಾಗಿದ್ದರೆ, 4, 2, 2 ಎಂದು ಹಂಚಿಕೆಯಾಗುತ್ತದೆ. ಎಲ್ಲರಿಗೂ ಒಂದೇ ಸೂತ್ರದಂತೆ ಕೊಡುತ್ತಿದ್ದೀರಿ ಎಂದು ತೋರಿಸಲು ಸಾಧ್ಯವಾದಾಗ, ತನಗೆ ಮಾತ್ರ ಕಡಿಮೆಯಾಯಿತು ಎಂದು ದೂರಲು ಯಾರಿಗೂ ಕಾರಣವಿರುವುದಿಲ್ಲ.

ಈ 8 ಪಾಲು ಸಾಲಗಳ ಕಂತಿಗೆ ಸಾಲದು ಎಂಬುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ತಿಂಗಳಿಗೆ ಶೇಕಡಾ 3ರ ಬಡ್ಡಿ ಸೇರುತ್ತಾ ಹೋದರೆ ವರ್ಷಕ್ಕೆ ಅದು ಶೇಕಡಾ 36ರಲ್ಲಿ ನಿಲ್ಲುವುದಿಲ್ಲ. ಬಡ್ಡಿಯ ಮೇಲೆ ಬಡ್ಡಿ ಬಿದ್ದು ಶೇಕಡಾ 42 ದಾಟುತ್ತದೆ, ಏನೂ ಕಟ್ಟದಿದ್ದರೆ ಸುಮಾರು 2 ವರ್ಷಗಳಲ್ಲಿ ಬಾಕಿ ದುಪ್ಪಟ್ಟಾಗುತ್ತದೆ. ಆದ್ದರಿಂದಲೇ ನಿಮ್ಮ ಸಲಹೆಗಾರರು ಈ ಆಯವ್ಯಯವನ್ನು ಸಾಲ ಕೊಟ್ಟವರ ಮುಂದಿಟ್ಟು, ಬಡ್ಡಿ ಇಳಿಸಿ ಅಥವಾ ನಿಲ್ಲಿಸಿ, ದಂಡ ಬಿಡಿ, ಅವಧಿ ಹೆಚ್ಚಿಸಿ ಎಂದು ಕೇಳುತ್ತಾರೆ. ಆ ಮಾತುಕತೆಯಲ್ಲಿ ಅವರ ಕೈಯಲ್ಲಿರುವುದು ನಿಮ್ಮ ಲೆಕ್ಕವೊಂದೇ. 34 ಕಟ್ಟುತ್ತೇವೆ ಎಂದು ಒಪ್ಪಿ ಮೂರನೆಯ ತಿಂಗಳಿಗೆ ತಪ್ಪಿದ ಕುಟುಂಬದ ಮಾತಿಗೆ ಆಮೇಲೆ ಬೆಲೆ ಇರುವುದಿಲ್ಲ. 15 ಎಂದು ಹೇಳಿ, ರಸೀದಿಗಳನ್ನು ತೋರಿಸಿ, ತಿಂಗಳು ತಿಂಗಳೂ ತಪ್ಪದೆ ಕಟ್ಟಿದವರು ಮತ್ತೊಮ್ಮೆ ರಿಯಾಯಿತಿ ಕೇಳಿದರೂ ಕೇಳಿಸಿಕೊಳ್ಳುತ್ತಾರೆ. ಯಾರಿಗೆ ತೋರಿಸಿದರೂ ಒಂದೇ ಲೆಕ್ಕವನ್ನು ತೋರಿಸಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮತ್ತೊಂದು ಎಂದಾದರೆ ಎರಡರ ಮೇಲೂ ನಂಬಿಕೆ ಹೋಗುತ್ತದೆ. ಕಾರ್ಡುಗಳ ಬಳಕೆಯನ್ನು ಈ ದಿನದಿಂದಲೇ ನಿಲ್ಲಿಸಬೇಕು ಎಂದು ಬೇರೆ ಹೇಳಬೇಕಿಲ್ಲ. ಖರ್ಚು ಪೂರ್ತಿ ಬರೆದ ಮೇಲೆ ಅದು ಸಾಧ್ಯವೂ ಆಗುತ್ತದೆ.

ಪ್ರಶ್ನೆ: ನನಗೆ ನಿಗದಿತ ಸಂಬಳವಿಲ್ಲ. ಕೆಲಸ ಸಿಕ್ಕ ತಿಂಗಳು ಕೈತುಂಬ ಬರುತ್ತದೆ, ಇಲ್ಲದ ತಿಂಗಳು ಅರ್ಧವೂ ಬರುವುದಿಲ್ಲ. ವರ್ಷದ ಸರಾಸರಿ ತೆಗೆದು ಅದನ್ನೇ ಆದಾಯ ಎಂದು ಬರೆಯಬಹುದೇ?

ಉತ್ತರ: ಸರಾಸರಿ ತಪ್ಪು ಸಂಖ್ಯೆಯಲ್ಲ, ಆದರೆ ಅದನ್ನು ಬಳಸಲು ಕೈಯಲ್ಲಿ ಉಳಿತಾಯವಿರಬೇಕು. ನಿಮ್ಮ 6 ತಿಂಗಳ ಆದಾಯ 120ರಂತೆ, ಉಳಿದ 6 ತಿಂಗಳದ್ದು 80ರಂತೆ ಎಂದುಕೊಳ್ಳಿ. ಸರಾಸರಿ 100. ಪ್ರತಿ ತಿಂಗಳೂ 100 ಖರ್ಚು ಮಾಡುವ ಯೋಜನೆ ಹಾಕಿದಿರಿ, ಮತ್ತು ಮೊದಲು ಬಂದದ್ದು 80ರ ತಿಂಗಳುಗಳು. ತಿಂಗಳಿಗೆ 20ರಂತೆ 6 ತಿಂಗಳಲ್ಲಿ 120ರಷ್ಟು ಕೊರತೆ ಬಿತ್ತು. ಉಳಿತಾಯವಿದ್ದವರು ಅದರಿಂದ ತುಂಬಿಕೊಳ್ಳುತ್ತಾರೆ. ಸಾಲದಲ್ಲಿರುವ ನೀವು ಅದನ್ನು ಬಡ್ಡಿಗೆ ತರಬೇಕಾಗುತ್ತದೆ. ಒಳ್ಳೆಯ ತಿಂಗಳುಗಳು ಬಂದಾಗ ಅಸಲಿನ ಜೊತೆ ಬಡ್ಡಿಯನ್ನೂ ಹಿಂದಿರುಗಿಸಬೇಕು, ಆಗ ವರ್ಷದ ಲೆಕ್ಕ ಸರಿದೂಗುವುದೇ ಇಲ್ಲ.

ಆದ್ದರಿಂದ ಕಳೆದ 12 ತಿಂಗಳುಗಳಲ್ಲಿ ಪ್ರತಿ ತಿಂಗಳು ಬಂದದ್ದನ್ನು ಒಂದರ ಕೆಳಗೊಂದು ಬರೆಯಿರಿ. ಸರಾಸರಿಯನ್ನೂ ತೆಗೆಯಿರಿ, ಅದರ ಪಕ್ಕದಲ್ಲಿ ಅತಿ ಕಡಿಮೆ ಬಂದ 3 ತಿಂಗಳ ಸರಾಸರಿಯನ್ನೂ ಬರೆಯಿರಿ. ಬಾಡಿಗೆ, ಊಟ, ವಿದ್ಯುತ್, ಔಷಧಿ ಮತ್ತು ಸಾಲದ ನಿಗದಿತ ಕಂತು ಇಷ್ಟೂ ಆ ಎರಡನೆಯ ಸಂಖ್ಯೆಯೊಳಗೆ ಬರುವಂತೆ ಯೋಜಿಸುವುದು ಕ್ಷೇಮ. ಒಳ್ಳೆಯ ತಿಂಗಳಲ್ಲಿ ಹೆಚ್ಚು ಬಂದದ್ದರಲ್ಲಿ ಒಂದು ಭಾಗವನ್ನು ಮುಂದಿನ ಬಡ ತಿಂಗಳಿಗೆ ಮೀಸಲಿಟ್ಟು, ಇನ್ನೊಂದು ಭಾಗವನ್ನು ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟಿ. ಕನಿಷ್ಠ ಕಂತು ಇಷ್ಟು, ಆದಾಯ ಹೆಚ್ಚಿದ ತಿಂಗಳು ಹೆಚ್ಚು ಎಂಬ ಒಪ್ಪಂದಕ್ಕೆ ಸಾಲ ಕೊಟ್ಟವರನ್ನು ಒಪ್ಪಿಸಲು ಸಲಹೆಗಾರರ ನೆರವು ಕೇಳಿ. ಸ್ವಂತ ಕಸುಬಿನವರಾಗಿದ್ದರೆ ಸಾಮಗ್ರಿ, ಸಾಗಣೆ, ತೆರಿಗೆ, ಉಪಕರಣದ ರಿಪೇರಿ ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಮಾತ್ರ ಮನೆಯ ಆದಾಯ. ಕಸುಬಿನ ಹಣವೂ ಮನೆಯ ಹಣವೂ ಒಂದೇ ಚೀಲದಲ್ಲಿದ್ದರೆ ಯಾರಿಂದಲೂ ಲೆಕ್ಕ ಬಿಡಿಸಲು ಆಗುವುದಿಲ್ಲ.

ಪ್ರಶ್ನೆ: ಹೆಂಡತಿಗೆ ತಿಳಿಸದೆ ಅಣ್ಣನಿಂದ ಕೈಸಾಲ ಪಡೆದಿದ್ದೇನೆ. ಅದಕ್ಕೆ ಬಡ್ಡಿ ಇಲ್ಲ, ಬರವಣಿಗೆಯೂ ಇಲ್ಲ. ಅದನ್ನು ಪಟ್ಟಿಯಿಂದ ಬಿಡಬಹುದಲ್ಲವೇ?

ಉತ್ತರ: ಬಿಡಬೇಡಿ. ನೀವು ಅಣ್ಣನಿಗೆ ಸದ್ದಿಲ್ಲದೆ ತಿಂಗಳು ತಿಂಗಳೂ ಏನಾದರೂ ಕೊಡುತ್ತಿದ್ದರೆ, ಆ ಹಣ ಮನೆಯ ಯಾವುದೋ ಒಂದು ಸಾಲಿನಿಂದಲೇ ಹೋಗುತ್ತಿದೆ, ಮತ್ತು ಆ ಸಾಲು ಪ್ರತಿ ತಿಂಗಳೂ ತಾಳೆಯಾಗದೆ ಉಳಿಯುತ್ತದೆ. ನಿಮ್ಮ ಹೆಂಡತಿ ಊಟದಲ್ಲಿ, ಬಟ್ಟೆಯಲ್ಲಿ ಹಿಡಿತ ಮಾಡಿ ಉಳಿಸಿದ್ದು ತನಗೆ ತಿಳಿಯದ ಜಾಗಕ್ಕೆ ಹೋಗುತ್ತಿದೆ ಎಂದು ಮುಂದೆ ಗೊತ್ತಾದಾಗ ಆಗುವ ನೋವು, ಇಂದು ಹೇಳಿದರೆ ಆಗುವುದಕ್ಕಿಂತ ದೊಡ್ಡದು. ಇಡೀ ಕುಟುಂಬ ನಡೆಸಬೇಕಾದ ಆಯವ್ಯಯವನ್ನು ಅರ್ಧ ಕುಟುಂಬ ಬರೆಯಲು ಆಗುವುದಿಲ್ಲ. ಹೇಳಲು ಧೈರ್ಯ ಸಾಲದಿದ್ದರೆ ಸಲಹೆಗಾರರ ಎದುರಿನಲ್ಲಿಯೇ ಹೇಳಿ. ಇಂಥ ಮಾತನ್ನು ಸಮಾಧಾನದಿಂದ ನಡೆಸಿಕೊಡುವುದು ಅವರ ಕೆಲಸದ ಭಾಗವೇ.

ಅಣ್ಣನಿಗೂ ನಿಜ ಹೇಳಿ. ಬಂಧುಗಳಿಗೆ ಮೊದಲು ತೀರಿಸಬೇಕೆಂಬ ತುಡಿತ ನನಗೆ ಅರ್ಥವಾಗುತ್ತದೆ, ಆದರೆ ಬಾಡಿಗೆ ಬಾಕಿಯಿರುವಾಗ ಬಡ್ಡಿಯಿಲ್ಲದ ಸಾಲಕ್ಕೆ ಹಣ ಹೋದರೆ ಮನೆಗೆ ಕುತ್ತು ಬರುತ್ತದೆ. ಅವರ ಹೆಸರು ಪಟ್ಟಿಯಲ್ಲಿದ್ದು, ಅವರ ಸರದಿ ಯಾವಾಗ ಬರುತ್ತದೆ ಎಂದು ತಿಳಿದರೆ ಹೆಚ್ಚಿನ ಅಣ್ಣಂದಿರು ಕಾಯುತ್ತಾರೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು: ನಿಮ್ಮ ಬೇರೆ ಯಾವುದಾದರೂ ಸಾಲಕ್ಕೆ ಯಾರಾದರೂ ಜಾಮೀನು ನಿಂತಿದ್ದರೆ, ಅಥವಾ ಜಂಟಿಯಾಗಿ ಸಹಿ ಹಾಕಿದ್ದರೆ, ಅದನ್ನು ಸಲಹೆಗಾರರಿಗೆ ಮೊದಲ ದಿನವೇ ತಿಳಿಸಿ. ನೀವು ಕಂತು ಕಡಿಮೆ ಮಾಡಿದಾಗ ಉಳಿದದ್ದನ್ನು ಸಾಲ ಕೊಟ್ಟವರು ಅವರಿಂದ ಕೇಳಬಹುದು.

ಪ್ರಶ್ನೆ: ಎಷ್ಟು ಸಲ ಬರೆದರೂ ನಮ್ಮ ಲೆಕ್ಕದಲ್ಲಿ ಊಟ, ಬಾಡಿಗೆ, ಔಷಧಿಗೇ ಆದಾಯ ಸಾಲುವುದಿಲ್ಲ. ಸಾಲಕ್ಕೆ ಕಟ್ಟಲು ಒಂದು ಪೈಸೆಯೂ ಇಲ್ಲ. ಇಂಥ ಲೆಕ್ಕ ಹಿಡಿದುಕೊಂಡು ಹೋಗಲು ಮುಖವಿಲ್ಲ. ಸಲಹೆ ಕೇಳುವುದರಲ್ಲಿ ಅರ್ಥವಿದೆಯೇ?

ಉತ್ತರ: ಖಂಡಿತ ಹೋಗಿ, ಅದೇ ಲೆಕ್ಕವನ್ನು ಹಿಡಿದುಕೊಂಡೇ ಹೋಗಿ. ಕೊನೆಯ ಸಾಲಿನಲ್ಲಿ ಕೊರತೆ ಬಂದರೆ ನೀವು ಲೆಕ್ಕದಲ್ಲಿ ಸೋತಿದ್ದೀರಿ ಎಂದಲ್ಲ. ಕಂತು ಇಳಿಸುವುದರಿಂದ ಮಾತ್ರ ಬಗೆಹರಿಯದ ಸ್ಥಿತಿ ನಿಮ್ಮದು ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತಿದೆ. ಇದನ್ನು ನೋಡಿದ ಸಲಹೆಗಾರರು ಮೊದಲು ಆದಾಯದ ಬದಿಯನ್ನು ಪರಿಶೀಲಿಸುತ್ತಾರೆ: ನಿಮಗೆ ಸಲ್ಲಬೇಕಾದ ಪಿಂಚಣಿ, ಸಹಾಯಧನ, ವಿಮೆಯ ಹಣ, ಉದ್ಯೋಗದಾತರಿಂದ ಬರಬೇಕಾದ ಬಾಕಿ ಯಾವುದಾದರೂ ಕೇಳದೆ ಉಳಿದಿದೆಯೇ ಎಂದು. ಆಮೇಲೆ, ಮಾರಿದರೆ ಬದುಕಿಗೆ ತೊಂದರೆಯಾಗದ ಆಸ್ತಿ ಇದೆಯೇ, ಕಡಿಮೆ ಬಾಡಿಗೆಯ ಮನೆಗೆ ಹೋಗಲು ಸಾಧ್ಯವೇ ಎಂಬುದನ್ನು ಚರ್ಚಿಸುತ್ತಾರೆ. ಕೆಲವು ತಿಂಗಳು ಪಾವತಿಯನ್ನೇ ತಡೆಹಿಡಿಯಲು, ಅಥವಾ ಸಂಪರ್ಕ ಕಡಿಯದಿರಲೆಂದು ಅತಿ ಸಣ್ಣ ಮೊತ್ತವನ್ನು ಮಾತ್ರ ಕಟ್ಟಲು ಅನುಮತಿ ಕೇಳಬಹುದು. ಇದಾವುದೂ ಸಾಲದಿದ್ದಲ್ಲಿ ದಿವಾಳಿತನದ ಕಾನೂನು ಎಂಬುದು ಅನೇಕ ದೇಶಗಳಲ್ಲಿದೆ. ಅದರ ಷರತ್ತುಗಳು ಮತ್ತು ದೀರ್ಘಕಾಲದ ಪರಿಣಾಮಗಳು ಒಂದೊಂದು ಕಡೆ ಒಂದೊಂದು ಬಗೆ, ಆದ್ದರಿಂದ ಕಾನೂನು ಬಲ್ಲವರ ಜೊತೆ ಕುಳಿತು ನಿರ್ಧರಿಸಬೇಕಾದ ದಾರಿ ಅದು.

ಎರಡು ಕೆಲಸಗಳನ್ನು ದಯವಿಟ್ಟು ಮಾಡಬೇಡಿ. ಕೊರತೆಯನ್ನು ಮರೆಮಾಚಲು ಊಟದ ಸಾಲನ್ನು ಇಳಿಸಿ, ಸಾಲಕ್ಕೆ ಏನೋ ಮಿಗುತ್ತದೆ ಎಂದು ತೋರಿಸಬೇಡಿ. ಆ ಸುಳ್ಳು ಸಂಖ್ಯೆಯ ಮೇಲೆ ಕಟ್ಟಿದ ಒಪ್ಪಂದದ ಭಾರವನ್ನು ನಿಮ್ಮ ಮಕ್ಕಳ ತಟ್ಟೆ ಹೊರಬೇಕಾಗುತ್ತದೆ. ಹಾಗೆಯೇ, ಮುಂಗಡ ಶುಲ್ಕ ಕಟ್ಟಿದರೆ ಎಲ್ಲ ಸಾಲವನ್ನೂ ಅಳಿಸಿಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಸಾಲ ಕೊಟ್ಟವರು ಒಪ್ಪದೆ ಯಾವ ಮಧ್ಯವರ್ತಿಯೂ ಸಾಲವನ್ನು ಅಳಿಸಲಾರ, ಕೊಟ್ಟ ಶುಲ್ಕ ಮಾತ್ರ ಹಿಂದೆ ಬರುವುದಿಲ್ಲ. ಶುಲ್ಕವಿಲ್ಲದೆ, ಇಲ್ಲವೇ ಶುಲ್ಕವನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸಿ ಸಲಹೆ ಕೊಡುವವರನ್ನು ಹುಡುಕಿ. ಹೋಗುವಾಗ ಆದಾಯದ ದಾಖಲೆಗಳು, 3 ತಿಂಗಳ ಬ್ಯಾಂಕ್ ವಿವರ, ತೆರೆಯದೆ ಇಟ್ಟಿರುವ ಪತ್ರಗಳೂ ಸೇರಿದಂತೆ ಸಾಲ ಕೊಟ್ಟವರಿಂದ ಬಂದ ಎಲ್ಲ ಕಾಗದಗಳು ಮತ್ತು ನೀವು ಬರೆದ ಲೆಕ್ಕ ಜೊತೆಯಲ್ಲಿರಲಿ. ಪತ್ರಗಳನ್ನು ತೆರೆಯಲು ಕೈ ನಡುಗಿದರೆ ಹಾಗೆಯೇ ಕೊಂಡೊಯ್ಯಿರಿ, ಅಲ್ಲಿ ಇಬ್ಬರೂ ಸೇರಿ ತೆರೆಯಬಹುದು.